ಇರುವ ತನಕ

“‘ಇರುವ ತನಕ’ ಅಂತ ತಾನೇ ಬರೆದಿರೋದು? ಓದಣ್ಣ. ಎಲ್ಲರಿಗೂ ಕೇಳೋ ಹಾಗೆ ಓದು.”

ಬಡಗಿ ತಲೆ ಎತ್ತಲಿಲ್ಲ. ಓದುವುದಕ್ಕೆ ಅವನು ಹಲಗೆಯನ್ನು ನೋಡಬೇಕಾಗಿರಲಿಲ್ಲ. ಆ ಅಕ್ಷರಗಳನ್ನು ಉಳಿ ಹಿಡಿದು ಕೆತ್ತಿದವನೇ ಅವನು. ಅಂಗಡಿಯ ಮುಂದಿನ ಕಂಬಕ್ಕೆ ಮೊಳೆ ಹೊಡೆದು ನಿಲ್ಲಿಸಿದ್ದ ಆ ಹಲಗೆಯ ಕೆಳಗೆ ಅವನ ತಂಗಿ ನಿಂತಿದ್ದಳು. ಮೊಣಕಾಲಿನವರೆಗೂ ಕೆಸರು ಒಣಗಿ ಬಿರುಕು ಬಿಟ್ಟಿತ್ತು. ಅವಳ ಗಂಡನ ಮೇಲೆ ಗುಂಡಿ ಕುಸಿದು ಅಂದಿಗೆ ಹನ್ನೊಂದು ದಿನ.

“ಗುಂಡಿಯಲ್ಲಿ ಇರುವ ತನಕ ಗುಂಡಿ ಅವನದು,” ಎಂದು ಬಡಗಿ ತನ್ನ ಚಪ್ಪಲಿಗೆ ಹೇಳುವವನಂತೆ ಹೇಳಿದ.

“ಕೇಳಿದ್ರಲ್ಲ?” ಎಂದು ತಂಗಿ ಜನರತ್ತ ತಿರುಗಿದಳು. “ಇವರು ಗುಂಡೀಲಿದ್ದಾರೆ. ಇರೋ ತನಕ ಗುಂಡಿ ಇವರದು. ಆಯ್ತಲ್ಲ, ಇನ್ನು ಎಲ್ಲರೂ ನಿಮ್ಮ ನಿಮ್ಮ ಕೆಲಸ ನೋಡ್ಕೊಳ್ಳಿ.”

ಅಂಗಡಿಯ ಸಾಹುಕಾರ ಮೆಟ್ಟಿಲ ಮೇಲೆ ನಿಂತಿದ್ದ. ಯಾರೂ ಆರಿಸದೆಯೇ ಊರಿನ ಹಿರಿಯನಾಗಿಬಿಟ್ಟಿದ್ದವನು. ಕೆಟ್ಟವನಲ್ಲ, ಆದರೆ ಯಾವ ವಿಷಯವೂ ಇತ್ಯರ್ಥವಾಗದೆ ಬಿದ್ದಿದ್ದರೆ ಅವನಿಗೆ ಉಂಡದ್ದು ಜೀರ್ಣವಾಗುತ್ತಿರಲಿಲ್ಲ.

“ತಾಯಿ,” ಎಂದ ಮೆತ್ತಗೆ, “ಅವನು ಇಲ್ಲ.”

“ಎಲ್ಲಿಲ್ಲ?”

“ಅಂದ್ರೆ... ಇನ್ನಿಲ್ಲ ಅಂತ.”

“ಇನ್ನಿಲ್ಲ ಅಂದ್ರೆ ಎಲ್ಲಿಗೆ ಹೋದ್ರು ಸಾಹುಕಾರ್ರೇ? ಆರು ಉದ್ದ ಕೆಳಗೆ ಇದ್ದಾರೆ. ನಂಬಿಕೆ ಇಲ್ಲದಿದ್ರೆ ಇಳಿದು ನೋಡ್ಕೊಂಡು ಬನ್ನಿ.”

ಹಿಂದೆ ಯಾರೋ ನಕ್ಕು, ತಕ್ಷಣ ಅದನ್ನು ಕೆಮ್ಮಾಗಿ ತಿರುಗಿಸಿದರು. ಸಾಹುಕಾರ ಹಲಗೆಯನ್ನು ಒಮ್ಮೆ, ಬಡಗಿಯನ್ನು ಒಮ್ಮೆ ನೋಡಿದ.

“ಈ ಹಲಗೇಲಿರೋದು ಅವತ್ತು ನಾವೆಲ್ಲ ಸೇರಿ ಆಡಿದ ಮಾತೋ, ಇಲ್ಲ ಬಡಗಿ ತಾನಾಗಿ ಕೆತ್ತಿದ ಮಾತೋ, ಅದು ಮೊದಲು ಗೊತ್ತಾಗ್ಬೇಕು. ನಾಳೆ ಬೆಳಿಗ್ಗೆ ಎಲ್ಲರೂ ಸೇರೋಣ. ಬಡಗಿ ಹೇಳ್ಲಿ. ಅವನು ಹೇಳಿದ ಹಾಗೆ.”

ಆರು ಉದ್ದ ಎಂದರೆ ಎಷ್ಟೆಂದು ಆ ಊರಿನಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ. ತಂಗಿಯ ಗಂಡನನ್ನು ಎಲ್ಲರೂ ಕರೆಯುತ್ತಿದ್ದದ್ದೇ ಉದ್ದ ಎಂದು. ಕಂಡ ಬಾಗಿಲಿಗೆಲ್ಲ ತಲೆ ತಗ್ಗಿಸಿ ತಗ್ಗಿಸಿ ಅವನ ಕತ್ತು ಒಂದಿಷ್ಟು ಮುಂದಕ್ಕೇ ಬಾಗಿಬಿಟ್ಟಿತ್ತು. ಮೊದಮೊದಲು ಅಲ್ಲಿ ಯಾರ ಹತ್ತಿರವೂ ಅಳತೆಪಟ್ಟಿ ಇರಲಿಲ್ಲ. ಗುಂಡಿ ಎಷ್ಟು ಆಳ ಹೋಗಿದೆ ಎಂದು ತಿಳಿಯಬೇಕಾದರೆ ಉದ್ದನನ್ನೇ ಇಳಿಸಿ ನಿಲ್ಲಿಸುತ್ತಿದ್ದರು. “ನಾನೇನು ನಿಮ್ಮ ಬಾವಿ ಕೊಡವಾ, ಇಳಿಸೋದು ಎತ್ತೋದು,” ಎಂದು ಅವನು ಗೊಣಗಿದ ಮೇಲೆ ಬಡಗಿ ಅವನನ್ನು ನೆಲದ ಮೇಲೆ ನೇರವಾಗಿ ಮಲಗಿಸಿ, ಹಿಮ್ಮಡಿಯಿಂದ ನೆತ್ತಿಯವರೆಗೆ ಒಂದು ಕೋಲು ಕತ್ತರಿಸಿಕೊಂಡ. “ಏನ್ ಭಾವ, ಹೆಣದ ಪೆಟ್ಟಿಗೆಗೆ ಅಳತೆ ತಗೊಳ್ತಿದ್ದೀಯ?” ಎಂದು ಉದ್ದ ಮಲಗಿದಲ್ಲೇ ಕೇಳಿದ್ದ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ಆ ಕೋಲೇ ಊರಿನ ಅಳತೆಯಾಯಿತು. ಗುಂಡಿಯ ಆಳ, ಬೀದಿಯ ಅಗಲ, ಅಂಗಡಿಯ ಬಾಗಿಲು, ಎಲ್ಲವೂ ಇಷ್ಟು ಉದ್ದ, ಅಷ್ಟು ಉದ್ದ.

ಮೂರು ವರ್ಷದ ಹಿಂದೆ ಆ ಕಣಿವೆಯಲ್ಲಿ ಊರೂ ಇರಲಿಲ್ಲ, ಬೀದಿಯೂ ಇರಲಿಲ್ಲ. ರಸ್ತೆಗೆ ಜಾಗ ಅಳೆಯುವ ತಂಡವೊಂದು ಹೊಳೆಯ ಪಕ್ಕ ಬಿಡಾರ ಹೂಡಿತ್ತು. ಅದರಲ್ಲಿ ಸರಪಳಿ ಹಿಡಿಯುವ ಇಬ್ಬರು ಆಳುಗಳು ಉದ್ದ ಮತ್ತು ಕುಳ್ಳ. ಅಂದಿನ ಅಡುಗೆ ಕುಳ್ಳನದು; ಅವನು ಒಲೆ ಮೇಲಿಟ್ಟದ್ದು ತಳ ಹತ್ತದೆ ಇಳಿದದ್ದೇ ಇಲ್ಲ. ಕರಕಲು ಪಾತ್ರೆಯನ್ನು ಹೊಳೆಯ ಮರಳು ಹಾಕಿ ತಿಕ್ಕುತ್ತಿದ್ದಾಗ ತಳದಲ್ಲಿ ಹಳದಿಯ ಒಂದು ಕಾಳು ಹೊಳೆಯಿತು. “ಸೌಟಿನ ಹಿತ್ತಾಳೆ ಕಿತ್ತು ಬಂದಿದೆ, ಬಿಸಾಕು,” ಎಂದ ಉದ್ದ. “ನಮ್ಮ ಸೌಟು ಕಬ್ಬಿಣದ್ದು ಕಣೋ,” ಎಂದ ಕುಳ್ಳ. ಆಮೇಲೆ ಇಬ್ಬರೂ ಪಾತ್ರೆ ಬಿಟ್ಟು ಹೊಳೆಯ ಮರಳನ್ನೇ ಕೆದಕತೊಡಗಿದರಂತೆ. ಮುಂದೆ ಕುಳ್ಳ ಹೊಸಬರು ಸಿಕ್ಕಾಗಲೆಲ್ಲ ಎದೆ ತಟ್ಟಿ ಹೇಳುತ್ತಿದ್ದ: “ಈ ಊರು ಹುಟ್ಟಿದ್ದು ನನ್ನ ತಳ ಹತ್ತಿದ ಪಾತ್ರೇಲಿ. ನೀಟಾಗಿ ಅಡುಗೆ ಮಾಡೋನಾಗಿದ್ರೆ ನೀವ್ಯಾರೂ ಇಲ್ಲಿರ್ತಿರಲಿಲ್ಲ.”

ಚಿನ್ನದ ಸುದ್ದಿ ಹೇಗೆ ಹೋಗುತ್ತದೋ ಯಾರಿಗೂ ಗೊತ್ತಿಲ್ಲ. ರಸ್ತೆಯ ತಂಡ ಸರಪಳಿ ಹೊತ್ತುಕೊಂಡು ಮುಂದಕ್ಕೆ ಹೋಯಿತು, ಉದ್ದ ಕುಳ್ಳ ಇಬ್ಬರೂ ಅಲ್ಲೇ ಉಳಿದರು; ಎರಡು ಡೇರೆ ಇದ್ದದ್ದು ವಾರದೊಳಗೆ ಇಪ್ಪತ್ತಾಯಿತು. ಸಾಹುಕಾರ ಒಂದು ಕತ್ತೆಯ ಮೇಲೆ ಸಾಬೂನು, ಉಪ್ಪು, ಗುದ್ದಲಿ ಹೇರಿಕೊಂಡು ಬಂದ. ಹಲ್ಲು ಕೀಳುವುದನ್ನೂ ಬಲ್ಲ ಒಬ್ಬ ಕ್ಷೌರಿಕ ಬಂದ. ಉದ್ದ ತನ್ನ ಹೆಂಡತಿಯನ್ನು ಕರೆಸಿಕೊಂಡ. ಅವಳ ಜೊತೆಗೆ, ಹತಾರದ ಚೀಲ ಹೊತ್ತುಕೊಂಡು, ಅವಳಣ್ಣ ಬಡಗಿ ಬಂದ. ಮಣ್ಣು ಜಾಲಿಸುವ ಮರಿಗೆಗಳನ್ನು ಅವನು ಕೊರೆದುಕೊಟ್ಟ. ಗುಂಡಿಯ ಮಣ್ಣನ್ನು ಮರಿಗೆಗೆ ಹಾಕಿ, ನೀರಿನಲ್ಲಿ ತಿರುಗಿಸುತ್ತ ತಿರುಗಿಸುತ್ತ ಮೇಲಿನದನ್ನು ಹೊಳೆಗೆ ಚೆಲ್ಲುತ್ತ ಹೋದರೆ ಭಾರದ್ದು ತಳದಲ್ಲಿ ಉಳಿಯುತ್ತದೆ. ಗಂಡಸರು ಮರಿಗೆಯನ್ನು ಗರಗರ ತಿರುಗಿಸಿ ಅರ್ಧ ಚೆಲ್ಲಿಬಿಡುತ್ತಿದ್ದರು. ತಂಗಿಯ ಕೈ ಮಾತ್ರ ಬೇರೆ. ಅಕ್ಕಿಯಲ್ಲಿ ಕಲ್ಲು ಆರಿಸಿದ ಕೈ ಅದು. ಅವಳು ಜಾಲಿಸಿದ ಮೇಲೆ ಹೊಳೆಗೆ ಹೋದದ್ದರಲ್ಲಿ ಏನೂ ಇರುತ್ತಿರಲಿಲ್ಲ.

ಮೊದಲ ಜಗಳ ಬಿದ್ದದ್ದು ಎರಡನೇ ತಿಂಗಳಲ್ಲಿ. ಒಬ್ಬ ಹಿಟ್ಟು ತರಲು ಕೆಳಗಿನ ಊರಿಗೆ ಹೋಗಿ ಬರುವಷ್ಟರಲ್ಲಿ ಅವನ ಗುಂಡಿಯಲ್ಲಿ ಇನ್ನೊಬ್ಬ ಅಗೆಯುತ್ತಿದ್ದ. ಗುದ್ದಲಿ ಕಾವುಗಳು ಮುರಿದವು, ತಲೆಗಳು ಒಡೆದವು. ಬಿಡಿಸಲು ಹೋದ ಕುಳ್ಳನಿಗೇ ಹೆಚ್ಚು ಏಟು. ಸಂಜೆ ಎಲ್ಲರೂ ಹೊಳೆಯ ಬಂಡೆಗಳ ಮೇಲೆ ಕೂತರು. ಉದ್ದ ಎದ್ದು ನಿಂತು, “ಗುಂಡಿಯಲ್ಲಿ ಕೆಲಸ ಮಾಡುವ ತನಕ ಗುಂಡಿ ಅವನದು. ಸಂಜೆ ಮನೆಗೆ ಹೋದ್ರೂ ಗುದ್ದಲಿ ಒಳಗಿದ್ರೆ ಕೆಲಸ ನಡೀತಿದೆ ಅಂತಲೇ. ಗುದ್ದಲಿ ಎತ್ಕೊಂಡು ಹೋದ್ರೆ ಬಿಟ್ಟ ಹಾಗೆ. ಇಷ್ಟು ಸಾಕಲ್ಲ?” ಎಂದ. ಸಾಕು ಎಂದರು. ಬರೆದುಬಿಡಿ ಎಂದರು. ಓದುಬರಹ ಬಲ್ಲವರು ಏಳು ಜನ. ಅವರಲ್ಲಿ ಉಳಿ ಇದ್ದವನು ಬಡಗಿಯೊಬ್ಬನೇ.

ಹಲಗೆ ಎಂದು ಸಿಕ್ಕಿದ್ದು ಸಾಹುಕಾರನ ಸಾಬೂನು ಪೆಟ್ಟಿಗೆಯ ಮುಚ್ಚಳ. ಬಡಗಿಗೆ ಹುರುಪು. ಊರಿನ ಮೊದಲ ಮಾತು ಕೆತ್ತುವವನು ತಾನು ಎಂದು ‘ಗುಂಡಿಯಲ್ಲಿ’ ಎಂಬುದನ್ನು ದಪ್ಪ ದಪ್ಪಗೆ, ಅಂದವಾಗಿ ಕೆತ್ತಿದ. ಕೆಳಗೆ ‘ತನಕ ಗುಂಡಿ ಅವನದು’ ಎಂದು ಜಾಗ ಗುರುತು ಮಾಡಿದ ಮೇಲೆ ನೋಡುತ್ತಾನೆ, ನಡುವೆ ನಾಲ್ಕು ಬೆರಳಿನ ಜಾಗ. ‘ಕೆಲಸ ಮಾಡುವ’ ಎಂಬುದು ಅದರಲ್ಲಿ ಎಲ್ಲಿ ಕೂರಬೇಕು? ಸ್ವಲ್ಪ ಹೊತ್ತು ಕಿವಿ ತುರಿಸಿಕೊಂಡು ‘ಇರುವ’ ಎಂದು ಕೆತ್ತಿ ಮುಗಿಸಿದ. ಗುಂಡಿಯಲ್ಲಿ ಇರುವವನು ಕೆಲಸ ಮಾಡದೆ ಇನ್ನೇನು ಮಾಡಿಯಾನು ಎಂದುಕೊಂಡ. ಓದಬಲ್ಲವರು ಓದಿ ನಕ್ಕರು. ಉಳಿದವರಿಗೆ ಅದು ಏನೆಂದು ಮೊದಲೇ ಗೊತ್ತಿತ್ತು. ಅಂದು ಬಂಡೆಗಳ ಮೇಲೆ ಕೂತಿದ್ದವರಲ್ಲಿ ಹೆಚ್ಚಿನವರು ಮುಂದೆ ಬೇರೆ ಬೇರೆ ಕಣಿವೆಗಳಿಗೆ ಹೊರಟುಹೋದರು. ಮಾತು ಮರೆತುಹೋಯಿತು, ಹಲಗೆ ಉಳಿಯಿತು.

ಊರು ಬೆಳೆದದ್ದು ಗುಡ್ಡವನ್ನು ತಿಂದು. ಮೊದಲ ವರ್ಷ ಮನೆಯ ಹಿಂದೆಯೇ ಮರ. ಎರಡನೇ ವರ್ಷ ಮರಕ್ಕೆ ಅರ್ಧ ದಿನ ನಡೆಯಬೇಕಿತ್ತು. ಮೂರನೇ ವರ್ಷ ಗುಡ್ಡ ಬೋಳಾಗಿ, ಮಳೆ ಬಂದರೆ ಕೆಂಪು ನೀರು ನೇರವಾಗಿ ಬೀದಿಗೆ ಇಳಿಯುತ್ತಿತ್ತು. ಅದೇ ವರ್ಷ ಸಾಹುಕಾರ ಅಂಗಡಿಗೆ ಮಹಡಿ ಎತ್ತಿಸಿದ. ಊರಿಗೊಂದು ಮುಖ ಬೇಕಲ್ಲ ಎಂದ. ಬಡಗಿ ತಾನು ಎರಡು ವರ್ಷದಿಂದ ನೆರಳಲ್ಲಿ ಒಣಗಿಸಿಟ್ಟಿದ್ದ ಮರವನ್ನೆಲ್ಲ ಆ ಮಹಡಿಗೆ ಹಾಕಿದ. ಕಟಕಟೆಯ ಮೇಲೆ ಬಳ್ಳಿ ಹೂವು ಕೆತ್ತಿದ. ಉದ್ದನ ಗುಂಡಿಯ ಗೋಡೆಗೆ ಆಸರೆ ಕಂಬ ಬೇಕೆಂದಾಗ ಉಳಿದಿದ್ದದ್ದು ಹಿಂದಿನ ವಾರ ಕಡಿದು ತಂದ ಹಸಿ ಮರ. ಅದನ್ನೇ ಕೊಯ್ದು ಕೊಟ್ಟ. ಹಸಿ ಮರ ಬಾಗುತ್ತದೆ ಎಂದು ಬಡಗಿಗೆ ಯಾರೂ ಕಲಿಸಬೇಕಾಗಿರಲಿಲ್ಲ.

ಮೂರು ದಿನ ಎಡೆಬಿಡದೆ ಮಳೆ ಹೊಡೆದ ಮೇಲೆ ನಾಲ್ಕನೇ ದಿನ ಬೆಳಿಗ್ಗೆ, ಉದ್ದ ಇಳಿದು ಮೊದಲ ಬುಟ್ಟಿ ಮೇಲೆ ಕಳಿಸುವ ಮುಂಚೆ, ಗುಂಡಿ ಬಾಯಿ ಮುಚ್ಚಿಕೊಂಡಿತು. ಶಬ್ದವೂ ದೊಡ್ಡದಾಗಿರಲಿಲ್ಲವಂತೆ; ಮೂಟೆ ಇಳಿಸಿದ ಹಾಗೆ ಅಷ್ಟೆ. ಪಕ್ಕದ ಗುಂಡಿಯ ಕುಳ್ಳ ಎರಡು ದಿನ ಅಗೆದ. ಗುದ್ದಲಿ ತಾಗೀತೆಂದು ಕೊನೆಗೆ ಕೈಯಲ್ಲೇ ಅಗೆದ, ಉಗುರುಗಳು ಕಿತ್ತುಬಂದವು. ಅಗೆದಷ್ಟೂ ಮಣ್ಣು ಪಕ್ಕದಿಂದ ಜಾರಿ ತುಂಬಿಕೊಳ್ಳುತ್ತಿತ್ತು. ಮೂರನೇ ದಿನ ಜನ ಅವನನ್ನು ಹಿಡಿದು ಮೇಲಕ್ಕೆಳೆದರು.

ಹಲಗೆ ಓದಿಸಿದ ದಿನ ಸಂಜೆ ಬಡಗಿ ಗುಂಡಿಯ ಹತ್ತಿರ ಹೋದ. ತಂಗಿ ಅಂಚಿನಲ್ಲಿ ಮರಿಗೆ ಬೋರಲು ಹಾಕಿಕೊಂಡು ಅದರ ಮೇಲೆ ಕೂತಿದ್ದಳು. ಹತ್ತಿರವೇ, ಕುಸಿದ ಮಣ್ಣಿನಿಂದ ಒಂದು ಆಸರೆ ಕಂಬದ ತುದಿ ಮೊಳದಷ್ಟು ಹೊರಗೆ ಚಾಚಿತ್ತು. ಬಡಗಿ ಅದಕ್ಕೆ ಬೆನ್ನು ಹಾಕಿ ಕೂತ.

“ಊರೆಲ್ಲ ಏನಂತಿದೆ ಗೊತ್ತಾ?” ಎಂದ. “ಚಿನ್ನದ ಮೇಲೆ ಕಾವು ಕೂತಿದ್ದಾಳೆ ಅಂತ.”

“ಅನ್ನಲಿ.”

“ಗುಂಡಿ ಬಿಟ್ಟುಕೊಟ್ರೆ ತೆಗೆದುಕೊಂಡೋರು ಅಗೀತಾರೆ. ಅಗೆದ್ರೆ ಅವನು ಸಿಗ್ತಾನೆ. ಸರಿಯಾಗಿ ಮಣ್ಣು ಮಾಡಬಹುದು.”

“ಮಣ್ಣು ಮಾಡೋದು,” ಎಂದಳು ತಂಗಿ, ಮಾತನ್ನು ಕೈಯಲ್ಲಿ ತೂಗಿ ನೋಡುವವಳಂತೆ. “ಅಣ್ಣ, ಅವರು ಅಗೆಯೋದು ಇವರಿಗೋಸ್ಕರ ಅಲ್ಲ. ಚಿನ್ನದ ಎಳೆ ಇದ್ದದ್ದು ಇವರ ಕಾಲ ಕೆಳಗೇ. ಬುಟ್ಟಿ ಬುಟ್ಟಿ ಎತ್ತುತಾರೆ, ಮರಿಗೆಗೆ ಸುರೀತಾರೆ, ಗರಗರ ತಿರುಗಿಸ್ತಾರೆ. ಚಿನ್ನ ತಳದಲ್ಲಿ ನಿಲ್ಲುತ್ತೆ. ಮಿಕ್ಕಿದ್ದು ಹೊಳೆಗೆ. ಮಳೆ ನೀರು ತುಂಬಿದ ಗುಂಡಿ, ತಳ ಮುಟ್ಟೋ ಹೊತ್ತಿಗೆ ಎರಡು ತಿಂಗಳಾಗುತ್ತೆ, ಆಗ ಇವರು ಯಾವುದು, ಮಣ್ಣು ಯಾವುದು ಅಂತ ನೋಡೋ ತಾಳ್ಮೆ ಯಾರಿಗಿದೆ? ಇವರು ಒಂಬತ್ತು ವರ್ಷ ನನ್ನ ಪಕ್ಕ ಮಲಗಿದ ಮನುಷ್ಯ. ಅವರನ್ನ ಜಾಲಿಸಿ ಚೆಲ್ಲೋಕೆ ಬಿಡಲ್ಲ. ಅಷ್ಟೆ. ಚಿನ್ನ ಹಾಳಾಗಿ ಹೋಗ್ಲಿ.”

ಬಡಗಿ ಒಂದು ಮಣ್ಣಿನ ಹೆಂಟೆ ಎತ್ತಿ ಬೆರಳಲ್ಲಿ ಪುಡಿ ಮಾಡಿದ.

“ನಾಳೆ ಏನ್ ಹೇಳ್ತೀಯ?” ಎಂದು ತಂಗಿ ಕೇಳಿದಳು.

“ನೋಡೋಣ,” ಎಂದ. ಏಳುವಾಗ ಕಂಬದ ತುದಿ ಕಣ್ಣಿಗೆ ಬಿತ್ತು. ಅದರ ಸಿಪ್ಪೆಯಲ್ಲಿ ಚಿಗುರೊಡೆಯುವ ಒಂದು ಸಣ್ಣ ಗುಬುಟು, ತಿಳಿ ಹಸಿರು. ಮುಖ ತಿರುಗಿಸಿಕೊಂಡು ನಡೆದ.

ಮರುದಿನ ಅಂಗಡಿಯ ಮುಂದೆ ನಿಲ್ಲಲು ಜಾಗವಿರಲಿಲ್ಲ. ಹೊಸಬರೇ ಹೆಚ್ಚು, ಗುಂಡಿ ಸಿಗದೆ ಇನ್ನೊಬ್ಬರ ಬುಟ್ಟಿ ಹೊರುತ್ತಿದ್ದವರು. ಸಾಹುಕಾರ ಮೊದಲು ಕುಳ್ಳನನ್ನು ಕರೆದ.

“ನೀನು ಮೊದಲಿನಿಂದ ಇದ್ದೋನು. ಅವತ್ತು ಬಂಡೆ ಮೇಲೆ ಏನ್ ಮಾತಾಯ್ತು?”

ಕುಳ್ಳನ ಬೆರಳುಗಳಿಗೆಲ್ಲ ಬಟ್ಟೆ ಸುತ್ತಿತ್ತು. “ನನಗೇನು ನೆನಪಿರುತ್ತೆ ಸಾಹುಕಾರ್ರೇ. ಅವತ್ತು ನನ್ನ ತಲೆ ಎರಡು ಹೋಳಾಗಿತ್ತು. ಎರಡೂ ಹೋಳು ನಿದ್ದೆ ಮಾಡ್ತಿದ್ವು.”

ಜನ ನಕ್ಕರು. ಉದ್ದನ ಗುಂಡಿ ತೆರೆದರೆ ಮೊದಲ ಲಾಭ ಪಕ್ಕದಿಂದಲೇ ಆ ಎಳೆ ಹಿಡಿಯಬಲ್ಲ ಕುಳ್ಳನಿಗೇ ಎಂದು ಎಲ್ಲರಿಗೂ ಗೊತ್ತಿತ್ತು; ನೆನಪಿದ್ದರೆ ಹೇಳದೆ ಬಿಡುತ್ತಿರಲಿಲ್ಲ, ಆದ್ದರಿಂದ ಅವನಿಗೆ ನಿಜವಾಗಿಯೂ ನೆನಪಿಲ್ಲ ಎಂದು ನಂಬಿದರು.

“ಬಡಗಿ, ನೀನು ಹೇಳಪ್ಪ. ‘ಇರುವ’ ಅಂತಲೇ ಮಾತಾಗಿದ್ದಾ?”

ಬಡಗಿ ಮಹಡಿಯ ಕಟಕಟೆ ನೋಡಿದ. ಒಂದು ಬಿರುಕೂ ಇಲ್ಲದೆ, ಕೂಡಿಸಿದ ಕಡೆ ಕೂದಲೆಳೆ ಸಂದೂ ಇಲ್ಲದೆ ನಿಂತಿತ್ತು. ಎಂಥ ಒಣ ಮರ.

“ಹೌದು,” ಎಂದ. “‘ಇರುವ’ ಅಂತಲೇ.”

ತಂಗಿ ಅವನತ್ತ ನೋಡಲಿಲ್ಲ. ಸೆರಗು ಸರಿಮಾಡಿಕೊಂಡು ಹೊರಟಳು. ಅವಳು ನಾಲ್ಕು ಹೆಜ್ಜೆ ಹೋಗುವಷ್ಟರಲ್ಲಿ ಗುಂಪಿನಿಂದ ಒಬ್ಬ ಹೊಸಬ, “ಹಾಗಾದ್ರೆ ಸಾಹುಕಾರ್ರೇ,” ಎಂದ, “ಇರುವ ಅಂದ್ರೆ ಇರುವ. ಗುದ್ದಲಿ ಇದ್ರೆ ಸಾಲದು. ಮನುಷ್ಯ ಇರಬೇಕು. ಹಲಗೇಲಿ ಗುದ್ದಲಿ ಅಂತ ಎಲ್ಲಿದೆ?”

ಹೌದಲ್ಲ ಎಂದರು ಹತ್ತು ಜನ. ಆಮೇಲೆ ಐವತ್ತು ಜನ. ಸಾಹುಕಾರ ಬಡಗಿಯ ಮುಖವನ್ನು ಒಂದು ಗಳಿಗೆ ದಿಟ್ಟಿಸಿದ. ಏನೋ ಹೇಳಬಂದವನು ಬಾಯಿ ಮುಚ್ಚಿಕೊಂಡು, “ಹಲಗೇಲಿ ಇದ್ದ ಹಾಗೆ,” ಎಂದು ಒಳಗೆ ಹೋದ.

ಅಂದಿನಿಂದ ಊರು ನೆಲದ ಕೆಳಗೆ ಇಳಿಯಿತು. ಗುಂಡಿ ಇದ್ದವರು ಗುಂಡಿಯಲ್ಲೇ ಉಂಡರು, ಗುಂಡಿಯಲ್ಲೇ ಮಲಗಿದರು. ಗುಂಡಿಯ ಬಾಯಿಗೆ ತಗಡು ಮುಚ್ಚಿಕೊಂಡರು. ಊಟವನ್ನು ಹಗ್ಗ ಕಟ್ಟಿ ಇಳಿಸಬೇಕು. ಕ್ಷೌರಿಕ ಗುಂಡಿಯಿಂದ ಗುಂಡಿಗೆ ಇಳಿದು ಹತ್ತಿ ಮೊಣಕಾಲು ಹಿಡಿಸಿಕೊಂಡು, ಇನ್ನು ಗಡ್ಡ ಬಿಟ್ಟವರೇ ಬುದ್ಧಿವಂತರು ಎಂದು ಕತ್ತಿ ಮಡಿಸಿಟ್ಟ. ಗಂಡ ಹೆಂಡತಿ ಜಗಳವೂ ನಡುಬೀದಿಯಲ್ಲಿ ಬಗ್ಗಿ ನಿಂತು ಆಡಬೇಕಾಗಿ ಬಂತು. ಮೊದಮೊದಲು ಇದೆಲ್ಲ ನಗುವ ವಿಷಯವಾಗಿತ್ತು. ಆಮೇಲೆ ತಗಡುಗಳ ಕೆಳಗಿನಿಂದ ಕೆಮ್ಮು ಕೇಳಿಸತೊಡಗಿತು, ಒಂದರ ನಂತರ ಒಂದು. ಬೀದಿಯಲ್ಲಿ ನಡೆದರೆ ನೆಲವೇ ಕೆಮ್ಮಿದಂತೆ. ಹೊಸಬರು ಗುಂಡಿಗಳ ಸುತ್ತ ಕೈಕಟ್ಟಿ ಅಡ್ಡಾಡುತ್ತಿದ್ದರು. ಯಾರಾದರೂ ಮೇಲೆ ಬಂದರೆ ಸಾಕು.

ಇಬ್ಬರು ಸೇರಿ ಒಂದು ಗುಂಡಿ ಹಿಡಿದವರು ಸರದಿ ಮೇಲೆ ಹತ್ತಿ ಬರುತ್ತಿದ್ದರು. ಕುಳ್ಳನಿಗೆ ಯಾರೂ ಇರಲಿಲ್ಲ. ತಂಗಿಯೇ ದಿನಾ ಒಂದು ತಗಡಿನ ಡಬ್ಬದಲ್ಲಿ ಗಂಜಿ ಇಳಿಸುತ್ತಿದ್ದಳು. “ಅತ್ತಿಗೆ, ಇವತ್ತೂ ತಳ ಹತ್ತಿಲ್ಲ,” ಎಂದು ಅವನು ಕೆಳಗಿನಿಂದ ಕೂಗುವನು. “ಬಾಯಿಗೆ ರುಚಿಯೇ ಇಲ್ಲ ನೋಡಿ.” ಖಾಲಿ ಡಬ್ಬ ಹಗುರಾಗಿ ಮೇಲೆ ಬರುವುದು.

ಒಂದು ತಿಂಗಳಾದ ಮೇಲೆ ಅವನ ಕೂಗು ಸಣ್ಣದಾಯಿತು. ಬಡಗಿ ಹೋಗಿ ತಗಡು ಸರಿಸಿ ಬಗ್ಗಿ ನೋಡಿದ. ಕಣಕಾಲು ಮುಳುಗುವ ನೀರಿನಲ್ಲಿ, ಬೋರಲು ಹಾಕಿದ ಬುಟ್ಟಿಯ ಮೇಲೆ ಕುಳ್ಳ ಮುದುಡಿ ಕೂತಿದ್ದ.

“ಮೇಲೆ ಬಾರೋ. ಮೈ ಸುಡ್ತಿದೆ ಅಂದ್ಯಂತೆ, ತಂಗಿ ಹೇಳಿದ್ಲು.”

“ನೆಲದ ಮೇಲೆ ಚಳಿ ಜಾಸ್ತಿ ಕಣೋ. ಇಲ್ಲಿ ಬೆಚ್ಚಗಿದೆ.”

“ಹೋದ್ರೆ ಹೋಗ್ಲಿ ಗುಂಡಿ. ಜೀವ ಇದ್ರೆ ಇನ್ನೊಂದು ತೋಡ್ಕೋಬಹುದು.”

“ಎಲ್ಲಿ ತೋಡ್ಲಿ? ಜಾಗ ಎಲ್ಲಿದೆ? ಈ ಊರು ಹುಟ್ಟಿಸಿದೋನು ನಾನು. ನನ್ನ ಪಾಲಿಗೆ ಇರೋದು ಇದೊಂದು ತೂತು.” ಕುಳ್ಳ ಕೆಮ್ಮಿ ಸುಧಾರಿಸಿಕೊಂಡ. ಆಮೇಲೆ ದನಿ ತಗ್ಗಿಸಿ, “ಬಡಗಿ, ಒಂದು ವಿಷಯ. ಅವತ್ತು ನನ್ನ ತಲೆ ಅಷ್ಟೇನೂ ಒಡೆದಿರಲಿಲ್ಲ,” ಎಂದ.

ಬಡಗಿ ಇನ್ನಷ್ಟು ಬಗ್ಗಿದ.

“‘ಕೆಲಸ ಮಾಡುವ ತನಕ.’ ಉದ್ದ ಹಾಗಂದದ್ದು ನನಗೆ ಈಗ ಅಂದ ಹಾಗೆ ಕೇಳಿಸುತ್ತೆ. ಅತ್ತಿಗೆ ಮುಖ ನೋಡಿ ಸುಮ್ಮನಾದೆ. ನೀನು ಏನ್ ಹೇಳ್ತೀಯೋ ಅಂತ ನಿನ್ನ ಬಾಯೇ ನೋಡ್ತಿದ್ದೆ. ಒಳ್ಳೇದೇ ಹೇಳ್ದೆ ಬಿಡು.”

“ಹಗ್ಗ ಇಳಿಸ್ತೀನಿ, ಬಾ.”

“ನಾಳೆ ಬರ್ತೀನಿ. ಇವತ್ತು ಕಾಲು ಏಳ್ತಾ ಇಲ್ಲ. ತಗಡು ಮುಚ್ಚು, ಗಾಳಿ ಬೀಸ್ತಿದೆ.”

ಬಡಗಿ ತಗಡು ಮುಚ್ಚಿದ.

ಮರುದಿನ ಮಧ್ಯಾಹ್ನ ತಂಗಿ ಡಬ್ಬ ಇಳಿಸಿ ಕಾದಳು. ತಳ ಹತ್ತಿದ ಮಾತು ಬರಲಿಲ್ಲ. ಎರಡು ಸಲ ಕರೆದು, ಹಗ್ಗ ಎಳೆದಳು. ಡಬ್ಬ ಇಳಿಸಿದಷ್ಟೇ ಭಾರವಾಗಿ ಮೇಲೆ ಬಂತು.

ಕುಳ್ಳನನ್ನು ಬಡಗಿ ತಾನೇ ಇಳಿದು ಬೆನ್ನಿಗೆ ಕಟ್ಟಿಕೊಂಡು ಮೇಲೆ ತಂದ. ನೆಲಕ್ಕೆ ಮಲಗಿಸುವ ಮುಂಚೆಯೇ ಇಬ್ಬರು ಹೊಸಬರು ಗುಂಡಿಗೆ ಜಿಗಿದಿದ್ದರು; ಯಾರು ಮೊದಲು ಎಂದು ಒಳಗೆ ಹೊಡೆದಾಟ ನಡೆಯಿತು. ಬಡಗಿ ಅದನ್ನು ನೋಡಿದ. ಸುತ್ತಿಗೆ ಹಿಡಿದು ನೇರವಾಗಿ ಅಂಗಡಿಗೆ ನಡೆದು, ಸುತ್ತಿಗೆಯ ಸೀಳು ಬಾಯಿಂದ ಮೊಳೆಗಳನ್ನು ಒಂದೊಂದಾಗಿ ಎಬ್ಬಿಸಿ ಹಲಗೆ ಕಿತ್ತ. ಸಾಹುಕಾರ ಹೊರಗೆ ಬಂದ.

“ಮಾತಾಗಿದ್ದು ‘ಕೆಲಸ ಮಾಡುವ ತನಕ’ ಅಂತ,” ಎಂದ ಬಡಗಿ. “ಹಲಗೆ ಸಾಲಲಿಲ್ಲ. ಅವತ್ತು ನಾನು ಸುಳ್ಳು ಹೇಳಿದೆ. ಎಲ್ಲರನ್ನೂ ಮೇಲೆ ಕರೀರಿ.”

ಸಾಹುಕಾರ ಬೈಯಲಿಲ್ಲ. ಅದೇ ಬಡಗಿಗೆ ಕಷ್ಟವಾಯಿತು. “ನನಗೆ ಅನುಮಾನ ಇತ್ತು,” ಎಂದನಷ್ಟೆ. “ಆದ್ರೆ ನಿನ್ನ ಬಾಯಿಂದಲೇ ಬರಬೇಕಿತ್ತಲ್ಲ. ಹೊಸ ಹಲಗೆ ಮಾಡು.” ಸ್ವಲ್ಪ ತಡೆದು ಕೇಳಿದ: “ಉದ್ದನ ಗುಂಡಿ?”

ಬಡಗಿ ಹಲಗೆಯನ್ನು ಕಂಕುಳಲ್ಲಿಟ್ಟುಕೊಂಡು ಹೊರಟ.

ಕುಳ್ಳನ ಹೆಣದ ಪೆಟ್ಟಿಗೆಗೆ ಬಡಗಿ ಆ ಹಳೆಯ ಸಾಬೂನು ಮುಚ್ಚಳವನ್ನೇ ಕಾಲ ಕಡೆಗೆ ಕೂಡಿಸಿದ. ಅಷ್ಟು ಒಣಗಿದ ತುಂಡು ಅವನ ಕೊಟ್ಟಿಗೆಯಲ್ಲಿ ಬೇರೆ ಇರಲಿಲ್ಲ. ಎರಡು ದಿನದ ನಂತರ ಹೊಸ ಹಲಗೆಯನ್ನು ತೊಡೆಯ ಮೇಲಿಟ್ಟು ಹತ್ತರಿ ಹೊಡೆದು ನುಣುಪು ಮಾಡುತ್ತಿದ್ದಾಗ ತಂಗಿ ಬಂದು ಬಾಗಿಲ ಹೊಸ್ತಿಲ ಮೇಲೆ ಕೂತಳು. ಬಡಗಿ ಹತ್ತರಿ ನಿಲ್ಲಿಸಲಿಲ್ಲ. ನಿಲ್ಲಿಸಿದರೆ ಅವಳು ಮಾತಾಡುತ್ತಾಳೆ.

ನಿಲ್ಲಿಸದಿದ್ದರೂ ಮಾತಾಡಿದಳು. “ನೀನು ಸುಳ್ಳು ಹೇಳ್ತೀಯ ಅಂತ ನನಗೆ ಗೊತ್ತಿತ್ತು ಅಣ್ಣ.”

ಹತ್ತರಿ ನಿಂತಿತು.

“ಆ ಹಲಗೆ ಕೆತ್ತಿದ ದಿನ ಇವರು ಮನೆಗೆ ಬಂದು ಬಿದ್ದು ಬಿದ್ದು ನಕ್ಕಿದ್ರು. ‘ನಿಮ್ಮಣ್ಣ ಅಕ್ಷರ ಚೆಂದ ಮಾಡೋಕೆ ಹೋಗಿ ನಮ್ಮ ಕೆಲಸಾನೇ ತಿಂದ್ಹಾಕಿದ. ಇನ್ನು ಗುಂಡೀಲಿ ಸುಮ್ಮನೆ ಮಲಗಿದ್ರೂ ನಡೆಯುತ್ತೆ’ ಅಂತ.” ಅವಳು ಹೊಸ್ತಿಲ ಮೇಲೆ ಬಿದ್ದಿದ್ದ ಮರದ ಹೊಟ್ಟನ್ನು ಕೈಯಿಂದ ಸರಿಸಿದಳು. “ಅದನ್ನ ನೆನಪು ಮಾಡ್ಕೊಂಡೇ ನಾನು ಅವತ್ತು ನಿನ್ನ ಕೈಲಿ ಓದಿಸಿದ್ದು. ಕುಳ್ಳನ್ನ ತಿಂದಿದ್ದು ನೀನೊಬ್ಬನೇ ಅಲ್ಲ.”

“ನನಗೆ ಇನ್ನೊಂದು ಹೇಳೋದಿದೆ,” ಎಂದ ಬಡಗಿ. “ಗುಂಡಿಗೆ ಕೊಟ್ಟ ಕಂಬ...”

“ಚಿಗುರಿದೆ,” ಎಂದಳು ತಂಗಿ. “ನಾಲ್ಕು ಎಲೆ ಆಗಿದೆ. ದಿನಾ ನೋಡ್ತಾ ಕೂತಿರ್ತೀನಲ್ಲ.”

ಬಡಗಿ ಹತ್ತರಿಯ ಅಲಗನ್ನು ಹೆಬ್ಬೆರಳಿನಿಂದ ಸವರುತ್ತ ಕೂತ. ಅವಳು ಬೈದರೆ ಒಳ್ಳೆಯದಿತ್ತು, ಕ್ಷಮಿಸಿದರೂ ಒಳ್ಳೆಯದಿತ್ತು. ಅವಳು ಎರಡನ್ನೂ ಮಾಡಲಿಲ್ಲ. ಹೊರಗೆ ಬೀದಿಯಲ್ಲಿ ತಿಂಗಳಿಂದ ಬಿಸಿಲು ಕಾಣದ ಗಂಡಸರು ಕಣ್ಣು ಕಿರಿದು ಮಾಡಿಕೊಂಡು, ಗೋಡೆ ಹಿಡಿದು ನಡೆಯುತ್ತಿದ್ದರು.

“ಸಾಹುಕಾರ್ರ ಹತ್ರ ಮಾತಾಡಿ ಬಂದೆ,” ಎಂದಳು. “ಗುಂಡಿ ತೆಗೀಲಿ. ಯಾರ ಪಾಲಿಗೆ ಹೋಗುತ್ತೋ ಹೋಗ್ಲಿ. ಆದ್ರೆ ಅಲ್ಲಿಂದ ಬರೋ ಒಂದೊಂದು ಬುಟ್ಟೀನೂ ನಾನೇ ಜಾಲಿಸ್ತೀನಿ. ಚಿನ್ನ ಅವರಿಗೆ. ಮಿಕ್ಕಿದ್ದು ನನ್ನ ಕೈ ದಾಟದೆ ಹೊಳೆಗೆ ಹೋಗಕೂಡದು. ಒಪ್ಪಿದ್ದಾರೆ.”

“ನೀನು... ನಿನ್ನ ಕೈಯಾರೆ...”

“ಬೇರೆ ಯಾರಿಗೆ ಬರುತ್ತೆ ಹೇಳು ಆ ಕೆಲಸ? ಒಂದು ಉಗುರಿದ್ರೂ ನನ್ನ ಮರಿಗೇಲಿ ನಿಲ್ಲುತ್ತೆ.” ಅವಳ ದನಿ ಅಲ್ಲಿ ಒಂದು ಸಲ ಒಡೆದು ಕೂಡಿಕೊಂಡಿತು. “ಬಾಯಿ ಮಾತು ಬೇಡ. ಮರೀತಾರೆ. ಮೊದಲಿನ ಮಾತಿನ ಕೆಳಗೆ ಇದನ್ನೂ ಕೆತ್ತು.”

“ಕೆತ್ತುತೀನಿ.”

“ಪೂರ್ತಿ. ಒಂದು ಅಕ್ಷರ ನುಂಗಬಾರದು. ಈ ಹಲಗೆ ಎಷ್ಟಿದೆ?”

ಬಡಗಿ ಮೂಲೆಯಲ್ಲಿ ಒರಗಿಸಿದ್ದ ಕೋಲನ್ನು ನೋಡಿದ. ಹಲಗೆಯನ್ನು ಅದರ ಪಕ್ಕ ಇಟ್ಟೇ ಕೊಯ್ದಿದ್ದ.

“ಒಂದು ಉದ್ದ.”

“ಹಾಗಾದ್ರೆ ಸಾಲುತ್ತೆ,” ಎಂದಳು ತಂಗಿ.

ಬಡಗಿ ಉಳಿಯನ್ನು ಮೊದಲ ಅಕ್ಷರದ ಗೆರೆಗೆ ಆನಿಸಿ ಕೊಡತಿಯಿಂದ ಹಗುರಾಗಿ ಒಂದು ಪೆಟ್ಟು ಹಾಕಿದ. ಸೀಳಿದ ಜಾಗದಲ್ಲಿ ಹಸಿ ಮರದೊಳಗಿನ ನೀರು ಜಿನುಗಿ, ಉಳಿಯ ಅಲಗಿನುದ್ದಕ್ಕೂ ಹರಿದು, ಅವನ ತೊಡೆಯ ಮೇಲೆ ಹನಿ ಬಿತ್ತು.